ದ್ಯಾಮಕ್ಕ ಎಲೆ ಬಿಟ್ಟು ಎದ್ದದ್ದು

ನ್ಯಾಮತಿಯಲ್ಲಿ ಯಾರ ಮನೆಯಲ್ಲಿ ಒಳ್ಳೆಯದು ನಡೆದರೂ ದೇವರಿಗಿಂತ ಮೊದಲು ನೆನಪಾಗುತ್ತಿದ್ದವಳು ದ್ಯಾಮಕ್ಕ. ಬೋರ್‌ವೆಲ್ಲಿನಲ್ಲಿ ನೀರು ಬಿದ್ದರೆ, ಮಗಳಿಗೆ ಗಂಡು ಗೊತ್ತಾದರೆ, ಮನೆಗೆ ಟ್ರ್ಯಾಕ್ಟರ್ ಬಂದರೆ ಐದು ಜನ ಮುತ್ತೈದೆಯರನ್ನು ಕರೆದು ಉಣ್ಣಿಸುವುದು ಈ ಕಡೆಯ ಪದ್ಧತಿ. ಗಂಡ ಬದುಕಿರುವ ಐವರು ಹೆಂಗಸರನ್ನು ಸಾಲಾಗಿ ಕೂರಿಸಿ, ಕಾಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿ, ಬಾಳೆಲೆ ಹಾಕಿ ಹೋಳಿಗೆ ಬಡಿಸುತ್ತಾರೆ. ಅವರು ಹೊಟ್ಟೆ ತುಂಬ ಉಂಡು ಎದ್ದರೆ ದೇವಿಯೇ ಉಂಡಂತೆ. ಎಲೆಯ ಮುಂದೆ ಕೂತು ಬೇಡ ಎನ್ನುವಂತಿಲ್ಲ. ಅರ್ಧಕ್ಕೆ ಏಳುವಂತಂತೂ ಇಲ್ಲವೇ ಇಲ್ಲ, ಎದ್ದರೆ ಆ ಮನೆಗೆ ಕೇಡು. ಹೀಗೆಂದು ದೇವಿ ಯಾವತ್ತೂ ಬಂದು ಹೇಳಿದ್ದಿಲ್ಲ. ಹೇಳಿದವರೆಲ್ಲ ಬಡಿಸುವ ಕಡೆಯವರೇ.

ಐವರಲ್ಲಿ ನಾಲ್ವರು ಯಾರಾದರೂ ನಡೆಯುತ್ತಿತ್ತು. ಒಂದು ಎಲೆ ಮಾತ್ರ ದ್ಯಾಮಕ್ಕನದೇ. ಗಂಡ ಬೆನಕಪ್ಪ ಇದ್ದಾನೆ, ಒಂದು ಗಂಡು ಒಂದು ಹೆಣ್ಣು, ಹೆತ್ತದ್ದರಲ್ಲಿ ಯಾವುದನ್ನೂ ಕಳೆದುಕೊಂಡವಳಲ್ಲ. ಇಷ್ಟೆಲ್ಲ ಬೇರೆಯವರಿಗೂ ಇರುತ್ತದೆ ಬಿಡಿ. ದ್ಯಾಮಕ್ಕನಿಗಿದ್ದದ್ದು ಉಣ್ಣುವ ಕಲೆ. ಈಗಿನ ಮುತ್ತೈದೆಯರು “ಶುಗರ್ ಐತ್ರಿ”, “ಗ್ಯಾಸ್ ಆಗ್ತೈತ್ರಿ” ಎಂದು ಅರ್ಧ ಹೋಳಿಗೆಯನ್ನು ಇಲಿ ಕಡಿದಂತೆ ಕಡಿಯುತ್ತ ಕೂರುತ್ತಾರೆ. ದ್ಯಾಮಕ್ಕ ಹೋಳಿಗೆಯನ್ನು ತುಪ್ಪದಲ್ಲಿ ಮುಳುಗಿಸಿ, ನಾಲ್ಕು ಮಡಿಕೆ ಮಾಡಿ, ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡಳೆಂದರೆ ಬೆಳಗ್ಗೆಯಿಂದ ಒಲೆಯ ಮುಂದೆ ಬೆಂದ ಹೆಂಗಸಿಗೆ ಸೊಂಟನೋವು ಮರೆತುಹೋಗುತ್ತಿತ್ತು. ಅಂಥವಳಿಗೆ ಬಡಿಸದೆ ಇನ್ನಾರಿಗೆ ಬಡಿಸಬೇಕು?

ಸಾಸ್ವೆಹಳ್ಳಿಯ ತವರಿನಲ್ಲಿ ಆಕೆಯನ್ನು ನೋಡಲು ಬೆನಕಪ್ಪ ಬಂದಿದ್ದಾಗ, ಶಾಸ್ತ್ರಕ್ಕೆ ತಲೆ ತಗ್ಗಿಸಿ ಕೇಸರಿಬಾತು ಕೊಟ್ಟು ಒಳಗೆ ಹೋದ ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ಬಾಣಲೆಯ ತಳ ಬಳಿದು ತಿನ್ನುತ್ತಿದ್ದದ್ದು ಆತನ ಕಣ್ಣಿಗೆ ಬಿತ್ತು. ಬೇರೆ ಗಂಡಾಗಿದ್ದರೆ ಚಪ್ಪಲಿ ಹುಡುಕುತ್ತಿದ್ದನೇನೋ. ಬೆನಕಪ್ಪ ಅಲ್ಲೇ ಒಪ್ಪಿದ. ಆತ ಕಡ್ಡಿ ಪೈಲ್ವಾನ್, ಊಟವೆಂದರೆ ಮುಗಿಸಬೇಕಾದ ಕೆಲಸ ಎಂದುಕೊಂಡವನು. ಬಸ್ ಸ್ಟ್ಯಾಂಡ್ ಹತ್ತಿರ ಔಷಧಿ ಹೊಡೆಯುವ ಪಂಪುಗಳ ರಿಪೇರಿ ಅಂಗಡಿ ಇಟ್ಟಿದ್ದ. ತನಗೆ ಬರದ ವಿದ್ಯೆಯೊಂದು ಹೆಂಡತಿಗೆ ಬರುತ್ತದೆಂದು ಆತನಿಗೆ ಇಂದಿಗೂ ಹೆಮ್ಮೆ.

ಎರಡು ವರ್ಷದ ಹಿಂದೆ ಬೆನಕಪ್ಪನ ಮುಖ ತುಂಬಿಕೊಳ್ಳತೊಡಗಿತು. ಕಾಲೂ ದಪ್ಪಗಾದವು. ಅಂತೂ ತನ್ನ ಕೈಯಡಿಗೆ ಮೈಗೆ ಹತ್ತಿತು ಎಂದು ದ್ಯಾಮಕ್ಕ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು. ಹತ್ತಿದ್ದು ಅಡಿಗೆಯಲ್ಲ, ನೀರು. ಯಾರೂ ಅಳೆದು ನೋಡದ ಬಿ.ಪಿ. ಒಳಗೊಳಗೇ ಎರಡೂ ಕಿಡ್ನಿಗಳನ್ನು ತಿಂದು ಮುಗಿಸಿತ್ತು. ಅಲ್ಲಿಂದ ಮುಂದೆ ವಾರಕ್ಕೆರಡು ಸಲ ಹೊನ್ನಾಳಿಯ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಹೋಗುವುದು, ಸಂಜೆ ಹಿಂಡಿದ ಬಟ್ಟೆಯ ಹಾಗೆ ಬಂದು ಮಲಗುವುದು. ನೀರು ಬೇಕೆಂದಷ್ಟು ಕುಡಿಯುವಂತಿಲ್ಲ. ಇಡೀ ದಿನಕ್ಕೆ ಒಂದು ಚಿಕ್ಕ ತಂಬಿಗೆ. ಬಾಳೆಹಣ್ಣಿಲ್ಲ, ಎಳನೀರಿಲ್ಲ, ಉಪ್ಪಿನಕಾಯಿ ಭರಣಿಯ ಕಡೆ ನೋಡುವಂತೆಯೂ ಇಲ್ಲ.

ಊರಿಗೆ ಗೊತ್ತಿದ್ದದ್ದು ಇಷ್ಟು. ಗೊತ್ತಿಲ್ಲದ್ದೇನೆಂದರೆ, ಮಂಗಳೂರು ಕಡೆಯ ಒಂದು ದೊಡ್ಡಾಸ್ಪತ್ರೆಯಲ್ಲಿ ದ್ಯಾಮಕ್ಕನ ರಕ್ತ, ಮೂತ್ರ, ಇನ್ನೂ ಏನೇನೋ ಪರೀಕ್ಷೆ ಮಾಡಿ, ಈಕೆಯ ಒಂದು ಕಿಡ್ನಿ ಗಂಡನಿಗೆ ಹೊಂದುತ್ತದೆ ಎಂದು ಹೇಳಿದ್ದರು. ಮಗ ಅರುಣ್ ಕುಮಾರ್, ಚನ್ನಗಿರಿಗೆ ಕೊಟ್ಟಿದ್ದ ಮಗಳು ಚೈತ್ರಶ್ರೀ ಇಬ್ಬರೂ ತಾವು ಕೊಡುತ್ತೇವೆಂದು ಮುಂದೆ ಬಂದಾಗ ದ್ಯಾಮಕ್ಕ ಇಬ್ಬರನ್ನೂ ಗದರಿಸಿ ಹಿಂದಕ್ಕೆ ಕಳಿಸಿದ್ದಳು. “ನಿಮ್ದು ನೀವು ಇಟ್ಕಳ್ರಿ. ಇಷ್ಟು ದೊಡ್ಡ ಮೈಯಾಗೆ ಒಂದು ತೆಗದ್ರೆ ನನಗೆ ಗೊತ್ತೂ ಆಗಲ್ಲ.”

ಡಾಕ್ಟರಿಗೆ ಕಷ್ಟವಾದದ್ದೇ ಆ ದೊಡ್ಡ ಮೈ. ಅವರು ಚಿಕ್ಕ ವಯಸ್ಸಿನವರು, ಗಾಳಿ ಬಂದರೆ ಹಾರಿಹೋಗುವಷ್ಟು ಸಣ್ಣ.

“ಕಿಡ್ನಿ ಚೆನ್ನಾಗಿದೆ ಅಮ್ಮ. ಆದರೆ ಈ ತೂಕದಲ್ಲಿ ನಿಮಗೆ ಆಪರೇಷನ್ ಮಾಡೋಕೆ ನನಗೆ ಧೈರ್ಯ ಇಲ್ಲ. ತೊಂಬತ್ತೆಂಟು ಕೆ.ಜಿ. ಇದೀರಿ. ಎಪ್ಪತ್ತೈದಕ್ಕೆ ಬನ್ನಿ, ಮಾಡೋಣ.”

“ಬರದಿದ್ರೆ?”

“ಸತ್ತವರ ಕಿಡ್ನಿಗೆ ಹೆಸರು ಬರೆಸಿ ಕಾಯಬೇಕು. ಸರದಿ ತುಂಬಾ ಉದ್ದ ಇದೆ. ಇವರ ಹಾರ್ಟು ಈಗಲೇ ಸೋತಿದೆ, ಅಷ್ಟು ದಿನ ಕಾಯುತ್ತೆ ಅಂತ ನಾನು ಹೇಳಲಾರೆ.”

ದ್ಯಾಮಕ್ಕ ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡಳು. “ಹೆಂಗೂ ಹೊಟ್ಟೆ ಕುಯ್ತೀರಲ್ಲ ಡಾಕ್ಟ್ರೇ, ಕಿಡ್ನಿ ಜತಿಗೆ ಆ ಇಪ್ಪತ್ತು ಚಿಲ್ಲರೆ ಕೆ.ಜಿ.ನೂ ತೆಗದುಬಿಡ್ರಿ. ಎಲ್ಡು ಸಲ ಯಾಕೆ ಬರೋದು?”

ಡಾಕ್ಟರು ನಕ್ಕರು, ಒಪ್ಪಲಿಲ್ಲ. ಹಸಿವಾದರೆ ಸೌತೆಕಾಯಿ ತಿನ್ನಿ, ನೀರು ಮಜ್ಜಿಗೆ ಕುಡಿಯಿರಿ, ಚೆನ್ನಾಗಿ ನಡೆಯಿರಿ ಎಂದರು. ಹಸಿವು ಎನ್ನುವುದನ್ನು ಅವರು ಪುಸ್ತಕದಲ್ಲಿ ಓದಿಕೊಂಡಿದ್ದರು ಎಂದು ಕಾಣುತ್ತದೆ.

ವಿಷಯ ಗುಟ್ಟಾಗಿರಲಿ ಎಂದವನು ಬೆನಕಪ್ಪ. ಗೊತ್ತಾದರೆ ಹೊನ್ನಾಳಿಯಿಂದ ಜಗಳೂರಿನವರೆಗೆ ಇರುವ ನೆಂಟರೆಲ್ಲ ಬಂದು ಅಂಗಳದಲ್ಲಿ ಕೂರುತ್ತಾರೆ, ಗಂಡನ ಜತೆ ಹೆಂಡತಿಯೂ ಹೋದರೆ ಏನು ಗತಿ ಎಂದು ಅತ್ತು ಕರೆದು ಆಪರೇಷನ್ ನಿಲ್ಲಿಸುತ್ತಾರೆ ಎಂಬ ಹೆದರಿಕೆ. ಅದೇನೂ ಸುಳ್ಳಲ್ಲ. ಹಾಗಾಗಿ ದ್ಯಾಮಕ್ಕ ಯಾರಿಗೂ ಹೇಳದೆ ಹಸಿಯತೊಡಗಿದಳು.

ಬೆಳಗ್ಗೆ ಒಂದು ರೊಟ್ಟಿ ಸೊಪ್ಪಿನ ಪಲ್ಯ, ಮಧ್ಯಾಹ್ನ ಒಂದು ರೊಟ್ಟಿ ಬೇಳೆ ಸಾರು, ರಾತ್ರಿ ಮಜ್ಜಿಗೆ. ಚೈತ್ರಶ್ರೀ ಫೋನಿನಲ್ಲಿ ಹೇಳಿಕೊಟ್ಟದ್ದು ಇಷ್ಟು. ಕೇಳಲು ಸುಲಭವಾಗಿತ್ತು. ಆದರೆ ದ್ಯಾಮಕ್ಕನ ಹಸಿವು ಎಲ್ಲೋ ಮೂಲೆಯಲ್ಲಿ ಕೂತು ಗೊಣಗುವ ಹಸಿವಲ್ಲ. ನಡುಮನೆಗೆ ಬಂದು ಚಾಪೆ ಹಾಸಿಕೊಂಡು ಕೂರುವಂಥದು. ಹನ್ನೊಂದು ಗಂಟೆಗೆ ಕಣ್ಣು ಗಡಿಯಾರ ಬಿಟ್ಟು ಏಳುತ್ತಿರಲಿಲ್ಲ, ನಾಲ್ಕು ಗಂಟೆಗೆ ಯಾರ ಮೇಲಾದರೂ ಜಗಳ ತೆಗೆಯಬೇಕೆನಿಸುತ್ತಿತ್ತು. ಸಂಜೆಯಾದರೆ ಬಸ್ ಸ್ಟ್ಯಾಂಡ್ ಕಡೆಯಿಂದ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ವಾಸನೆ ಬರುತ್ತಿತ್ತು. ಕಿಟಕಿ ಮುಚ್ಚಿದಳು. ಆಮೇಲೆ ನೋಡಿದರೆ ಮುಚ್ಚಿದ ಕಿಟಕಿಯ ಬಿರುಕಿಗೆ ಮೂಗು ಹಚ್ಚಿಕೊಂಡು ತಾನೇ ನಿಂತಿದ್ದಾಳೆ. ನಾಚಿಕೆಯಾಯಿತು, ಆದರೂ ಇನ್ನೊಂದು ಸಲ ಉಸಿರೆಳೆದುಕೊಂಡೇ ಈಚೆಗೆ ಬಂದಳು.

ಹೊಟ್ಟೆಗೆ ನೀರಾದರೂ ತುಂಬಿಸೋಣವೆಂದರೆ ಗಂಡನ ಎದುರು ನೀರು ಕುಡಿಯುವುದು ಪಾಪ. ಆತ ತಂಬಿಗೆಯಲ್ಲಿ ಉಳಿದ ನೀರನ್ನು ಮತ್ತೆ ಮತ್ತೆ ಬಗ್ಗಿ ನೋಡುವವನು. ಹಾಗಾಗಿ ಈಕೆ ಹಿತ್ತಲಿಗೆ ಹೋಗಿ ಕದ್ದು ನೀರು ಕುಡಿಯುವಳು. ಈಕೆಯ ಎದುರು ಉಣ್ಣುವುದು ಪಾಪವೆಂದು ಆತ ತಟ್ಟೆ ತೆಗೆದುಕೊಂಡು ಜಗುಲಿಗೆ ಹೋಗುವನು. ಮದುವೆಯಾಗಿ ಇಷ್ಟು ವರ್ಷಕ್ಕೆ ಒಬ್ಬರ ಕಣ್ಣು ತಪ್ಪಿಸಿ ಇನ್ನೊಬ್ಬರು ಕದಿಯುವುದನ್ನು ಕಲಿತರು.

ಸಂಜೆ ಮಾತ್ರ ಜಗುಲಿಯ ಮೇಲೆ ಜೊತೆಯಲ್ಲಿ ಕೂರುತ್ತಿದ್ದರು.

“ದ್ಯಾಮೀ, ಸಾಸ್ವೆಹಳ್ಳಿ ಹೊಳೆಯಾಗೆ ಇಳಿದು ಎಮ್ಮೆ ಹಂಗೆ ಬಾಯಿ ಹಾಕಿ ಕುಡೀಬೇಕು ಅನ್ನಿಸ್ತೈತೆ ಕಣೇ.”

“ನೀವು ಕುಡೀರಿ. ನಾನು ದಡದಾಗೆ ಕುಂತು ಶೇಂಗಾ ಹೋಳಿಗೆ ತಿಂತಿರ್ತೀನಿ.”

“ತುಪ್ಪ?”

“ತುಪ್ಪ ಇಲ್ದೆ ಯಾವಳು ತಿಂತಾಳ್ರಿ?”

ಒಂದೊಂದು ದಿನ ಆತ, “ಬಿಡು ದ್ಯಾಮೀ, ನಾನು ಹೆಂಗೋ ಇರ್ತೀನಿ, ನೀನು ಉಣ್ಣು” ಎನ್ನುತ್ತಿದ್ದ. ಆಗ ಆಕೆಗೆ ನಿಜವಾದ ಸಿಟ್ಟು ಬರುತ್ತಿತ್ತು. “ಅಂಗಡಿಯಾಗೆ ಒಂದು ಪಂಪಿನ ವಾಷರ್ ತೆಗದು ಇನ್ನೊಂದಕ್ಕೆ ಹಾಕ್ತೀರಲ್ಲ, ಆವಾಗ ಪಂಪನ್ನ ಕೇಳ್ತೀರೇನು? ಸುಮ್ನೆ ಕುಂತ್ಕಳ್ರಿ.”

ತೂಕ ನೋಡಿಕೊಳ್ಳಲು ಮನೆಯಲ್ಲಿ ಯಂತ್ರವಿರಲಿಲ್ಲ. ಮೆಡಿಕಲ್ ಶಾಪಿನ ಯಂತ್ರ ಹತ್ತಿದರೆ ಇಡೀ ಬಸ್ ಸ್ಟ್ಯಾಂಡಿಗೆ ಕಾಣುತ್ತದೆ. ಮನೆಯ ಹಿಂದಿನ ಬೀದಿಯಲ್ಲೇ ಕೊಟ್ರಬಸಪ್ಪನ ಅಡಿಕೆ ಮಂಡಿ ಇತ್ತು. ಮಧ್ಯಾಹ್ನ ಸಾಹುಕಾರರು ಊಟಕ್ಕೆ ಹೋದಾಗ ದ್ಯಾಮಕ್ಕ ಹೋಗಿ ಚೀಲ ತೂಗುವ ಕಾಟಾದ ಮೇಲೆ ನಿಂತುಕೊಳ್ಳುವಳು. ಅಲ್ಲಿನ ಹಮಾಲಿ ಓಬಳೇಶ್‌ನಿಗೆ ತೂಕವನ್ನು ಕೂಗಿ ಹೇಳಿಯೇ ಅಭ್ಯಾಸ.

“ತೊಂಬತ್ತೇಳೂವರೇ!”

“ಮೆಲ್ಲಗೆ ಹೇಳೋ, ನಿನ್ನ ಬಾಯಿಗಿಷ್ಟು.”

“ಚೀಲದ ತೂಕ ಕಳೀಲೇನಕ್ಕಾ?”

ಮಂಡಿಯಲ್ಲಿ ಅಡಿಕೆ ತೂಗುವಾಗ ಗೋಣಿಚೀಲದ ತೂಕ ಕಳೆದು ಲೆಕ್ಕ ಹಾಕುವುದು ವಾಡಿಕೆ. ಸೀರೆ, ಬಳೆ, ಕಾಲುಂಗುರಕ್ಕೆಂದು ಓಬಳೇಶ್ ಧಾರಾಳವಾಗಿ ಒಂದು ಕೆ.ಜಿ. ಕಳೆದುಕೊಟ್ಟ. ದ್ಯಾಮಕ್ಕ ಖುಷಿಯಾಗಿ ಮಗಳಿಗೆ ಫೋನು ಮಾಡಿ ಆ ನಿವ್ವಳ ತೂಕವನ್ನೇ ಹೇಳಿದಳು.

ಹೀಗೇ ನಡೆದಿದ್ದರೆ ಹೇಗೋ ದಡ ಸೇರುತ್ತಿದ್ದಳು. ಆದರೆ ಊರು ಬಿಡಬೇಕಲ್ಲ. ಶ್ರಾವಣ ಬಂತು. ಮೊದಲ ಕರೆ ಬಂದಾಗ ದ್ಯಾಮಕ್ಕ ಪ್ರಾಮಾಣಿಕವಾಗಿ, “ನಾನು ಡಯಟ್ ಮಾಡಾಕೆ ಹತ್ತೀನಿ ಕಣವ್ವ” ಎಂದಳು. ಕರೆಯಲು ಬಂದಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕು ನಕ್ಕು ಕಂಬ ಹಿಡಿದುಕೊಂಡಳು. “ಈ ವಯಸ್ಸಿಗೆ ಸೊಂಟ ಯಾರಿಗೆ ತೋರ್ಸಬೇಕು ಅಂತೀಯೇ ಯಕ್ಕಾ?” ಎಂದು ಕುಂಕುಮ ಹಚ್ಚಿಯೇ ಹೋದಳು. ಮುಂದಿನ ಕರೆಗೆ ದ್ಯಾಮಕ್ಕ ಬುದ್ಧಿ ಖರ್ಚು ಮಾಡಿದಳು. ಡಯಟ್ ಎಂದರೆ ನಗುತ್ತಾರೆ, ಹರಕೆ ಎಂದರೆ ಕೈ ಮುಗಿಯುತ್ತಾರೆ.

“ಅನ್ನಾನೂ ಸಿಹೀನೂ ಅಮ್ಮನಿಗೆ ಬಿಟ್ಟೀನಿ. ನಮ್ಮನೆಯೋರು ಹುಷಾರಾಗೋತನಕ.”

ಇಷ್ಟು ಹೇಳಿದ್ದೇ ತಡ, ಕರೆಯಲು ಬಂದಾಕೆಯ ಕಣ್ಣಲ್ಲಿ ನೀರಾಡಿತು. ದ್ಯಾಮಕ್ಕನಿಗೆ ಗೆದ್ದೆನೆನಿಸಿತು. ತಾನು ಮಾಡಿದ ತಪ್ಪೇನೆಂದು ಗೊತ್ತಾಗಲು ಒಂದು ವಾರ ಹಿಡಿಯಿತು. ಗಂಡನ ಪ್ರಾಣಕ್ಕಾಗಿ ಹರಕೆ ಹೊತ್ತ ಮುತ್ತೈದೆ! ಸುಮ್ಮನೆ ಮುತ್ತೈದೆಗೆ ಉಣ್ಣಿಸಿದರೆ ಒಂದು ಪಾಲು ಪುಣ್ಯವಾದರೆ ಇಂಥವಳಿಗೆ ಉಣ್ಣಿಸಿದರೆ ಎಷ್ಟು ಬರಬೇಡ? ಇಲ್ಲಿಯವರೆಗೆ ಬರೀ ನ್ಯಾಮತಿಯವರು ಕರೆಯುತ್ತಿದ್ದರು. ಈಗ ಸುತ್ತಲಿನ ಹಳ್ಳಿಗಳಿಂದ ಬೈಕು ಕಳಿಸತೊಡಗಿದರು.

ಇನ್ನು ಊಟದ ವಿಷಯ. ಅನ್ನ ಬಿಟ್ಟವಳಿಗೆ ಅನ್ನ ಬಡಿಸಬಾರದು, ಸರಿ. ಆದರೆ ಅವಲಕ್ಕಿ ಅನ್ನವಲ್ಲ ಎಂಬುದು ನಮ್ಮ ಕಡೆ ಉಪವಾಸ ಮಾಡುವವರೆಲ್ಲರ ಗಟ್ಟಿ ನಂಬಿಕೆ. ಸಬ್ಬಕ್ಕಿಯೂ ಅನ್ನವಲ್ಲ, ಅದನ್ನು ತುಪ್ಪದಲ್ಲಿ ಹುರಿದು ಶೇಂಗಾ ಹಾಕಿದರೂ ಅಲ್ಲ. ಸಕ್ಕರೆ ಹಾಕಿದರೆ ಸಿಹಿ, ಬೆಲ್ಲ ಹಾಕಿದರೆ ಪ್ರಸಾದ. ದ್ಯಾಮಕ್ಕನಿಗೆಂದೇ ಬೇರೆ ಒಲೆ ಹೊತ್ತಿಸಿ, ಬೇರೆ ಪಾತ್ರೆಯಲ್ಲಿ ಮಾಡಿ, “ನಿನ್ನ ಹರಕೆಗೆ ಒಂಚೂರೂ ಭಂಗ ಇಲ್ಲ ತಗಳವ್ವ” ಎಂದು ಎಲೆ ತುಂಬಿಸುತ್ತಿದ್ದರು. ಪೂರ್ತಿ ತಪ್ಪು ಅವರದೆಂದು ಹೇಳಿದರೆ ಅನ್ಯಾಯವಾದೀತು. ದ್ಯಾಮಕ್ಕನ ಹೊಟ್ಟೆಯೂ ಇದರಲ್ಲಿ ಪಾಲುದಾರ. ಎರಡು ದಿನ ಸೌತೆಕಾಯಿ ತಿಂದ ಹೊಟ್ಟೆ ಸಬ್ಬಕ್ಕಿಯನ್ನು ಕಂಡು, ಇದು ಹರಕೆಯ ಊಟ, ಹರಕೆಯ ಊಟ ದಪ್ಪ ಮಾಡುವುದಿಲ್ಲ ಎಂದು ತಾನೇ ವಾದ ಮಾಡಿ ತಾನೇ ಗೆಲ್ಲುತ್ತಿತ್ತು.

ಶ್ರಾವಣ ಕಳೆದು ಕಾಟಾದ ಮೇಲೆ ನಿಂತಾಗ ಓಬಳೇಶ್ ಕೂಗಲಿಲ್ಲ. ಮುಳ್ಳನ್ನು ನೋಡಿದ, ಆಕೆಯ ಮುಖ ನೋಡಿದ.

“ಎಷ್ಟೋ?”

“ನೂರು, ಯಕ್ಕಾ. ಚೀಲ ಕಳದು.”

ದ್ಯಾಮಕ್ಕ ಕಾಟಾದ ಮೇಲಿಂದ ಇಳಿದು ಗೋಣಿಚೀಲಗಳ ಮೇಲೆ ಕೂತುಬಿಟ್ಟಳು. ಅದೇ ವಾರ ಹೊನ್ನಾಳಿಯಿಂದ ಬರುವಾಗ ಬಸ್ಸಿನಲ್ಲಿ ಬೆನಕಪ್ಪನಿಗೆ ಉಸಿರು ಸಿಕ್ಕಿಹಾಕಿಕೊಂಡಿತ್ತು. ಡ್ರೈವರು ಬಸ್ಸು ತಿರುಗಿಸಿ ಮತ್ತೆ ಆಸ್ಪತ್ರೆಗೇ ಬಿಟ್ಟಿದ್ದ. ಮೂರು ದಿನ ಮೂಗಿಗೆ ಆಕ್ಸಿಜನ್ ಹಾಕಿದ್ದರು. ಗಂಡನ ಪ್ರಾಣವನ್ನು ತಾನು ಸಬ್ಬಕ್ಕಿಯ ಜತೆ ಕಲೆಸಿ ತಿಂದೆನೆಂದು ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು.

ಇದನ್ನೆಲ್ಲ ಹೇಳಿಕೊಳ್ಳಲು ಇದ್ದವಳು ಪಕ್ಕದ ಮನೆಯ ಗಿಡ್ಡಮ್ಮ ಒಬ್ಬಳೇ. ಗಿಡ್ಡಮ್ಮ ಹೆಸರಿಗೆ ತಕ್ಕಷ್ಟೇ ಎತ್ತರ, ಎತ್ತರಕ್ಕೆ ಮೀರಿದ ಬಾಯಿ, ಆದರೆ ದ್ಯಾಮಕ್ಕನ ಗುಟ್ಟು ಆ ಬಾಯಿಂದ ಹೊರಗೆ ಬಿದ್ದಿರಲಿಲ್ಲ. ಗಂಡ ಸತ್ತು ಬಹಳ ವರ್ಷವಾಗಿತ್ತು. ಹೋಟೆಲುಗಳಿಗೆ, ಕಾರ್ಯದ ಮನೆಗಳಿಗೆ ರೊಟ್ಟಿ ತಟ್ಟಿ ಕೊಟ್ಟು ಬದುಕುತ್ತಿದ್ದಳು. ಮುತ್ತೈದೆ ಊಟ ಮುಗಿಸಿ ಬಂದ ದ್ಯಾಮಕ್ಕನನ್ನು ಕೂರಿಸಿಕೊಂಡು ಯಾವ ಪಲ್ಯ ಮಾಡಿದ್ದರು, ಹೂರಣಕ್ಕೆ ಏಲಕ್ಕಿ ಹಾಕಿದ್ದರೋ ಜಾಜಿಕಾಯಿಯೋ ಎಂದು ಬಿಡಿಸಿ ಬಿಡಿಸಿ ಕೇಳುವುದು ಆಕೆಯ ಚಟ.

“ನೀನು ಉಂಡು ಅಳ್ತೀಯ. ನನ್ನನ್ನ ಎಲೆ ಮುಂದೆ ಕುಂಡ್ರಿಸಿ ಉಣ್ಣು ಅಂತ ಅಂದೋರನ್ನ ಕಂಡು ಯಾವ ಕಾಲ ಆತೋ,” ಎಂದಳು ಗಿಡ್ಡಮ್ಮ. “ಮನ್ಯಾಗೆ ಹಿಟ್ಟೈತೆ, ಹೊಟ್ಟೆಗೇನು ಕಮ್ಮಿ ಇಲ್ಲ ನನಗೆ. ಆದ್ರೆ ನಾ ತಟ್ಟಿದ ರೊಟ್ಟಿ ನಾನೇ ಹಾಕ್ಕಂಡು ತಿನ್ನಬೇಕು ನೋಡು. ಆ ರೊಟ್ಟಿ ಗಂಟ್ಲಾಗೆ ಇಳಿಯಲ್ಲ.”

ದ್ಯಾಮಕ್ಕ ಆಗ ತನ್ನ ನೂರು ಕೆ.ಜಿ.ಯ ಚಿಂತೆಯಲ್ಲಿದ್ದಳು. ಈ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ದಸರೆಗೆ ಮುಂಚೆ ಮಂಡಿ ಕೊಟ್ರಬಸಪ್ಪ ಹೊಸ ಲಾರಿ ತಂದ. ಆತನ ಹೆಂಡತಿ ಅಂತರಘಟ್ಟಮ್ಮ ಮುತ್ತೈದೆ ಊಟ ಇಟ್ಟುಕೊಂಡಳು. ದ್ಯಾಮಕ್ಕ ಕೈ ಮುಗಿದು ಬೇಡವೆಂದಳು, ಮೈ ಸರಿಯಿಲ್ಲವೆಂದಳು, ಕೊನೆಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂತರಘಟ್ಟಮ್ಮ ಬಾಗಿಲಿಗೇ ಕುಂಕುಮ ಹಚ್ಚಿ, “ನೀ ಬರದಿದ್ರೆ ಲಾರಿ ಶೆಡ್ಡಿನಿಂದ ಹೊರಗೆ ಬರಲ್ಲ ನೋಡವ್ವ” ಎಂದು ಹೇಳಿ ಹೋದಳು. ಬೆಳಗಾದರೆ ನೋಡುವ ಮುಖ, ನಿಂತುಕೊಳ್ಳುವುದು ಅವರದೇ ಕಾಟಾದ ಮೇಲೆ. ಹೋಗದೆ ವಿಧಿಯಿರಲಿಲ್ಲ.

ನಡುಮನೆಯಲ್ಲಿ ಐದು ಎಲೆ. ದ್ಯಾಮಕ್ಕನ ಎಲೆಯ ಮೇಲೆ ನವಣೆಯ ಹೋಳಿಗೆ, ಬೆಲ್ಲದ್ದು, ಹರಕೆಗೆ ಒಂಚೂರೂ ಭಂಗವಿಲ್ಲದ್ದು. ಅಂತರಘಟ್ಟಮ್ಮ ತಾನೇ ಬಗ್ಗಿ ತುಪ್ಪ ಸುರಿದಳು. ಬಿಸಿ ಹೋಳಿಗೆಯ ಮೇಲೆ ತುಪ್ಪ ಬಿದ್ದಾಗ ಏಳುವ ವಾಸನೆ ದ್ಯಾಮಕ್ಕನ ಮೂಗಿಗೆ ಹತ್ತಿತು. ಬೆಳಗ್ಗೆಯಿಂದ ಬರೀ ಮಜ್ಜಿಗೆಯ ಮೇಲಿದ್ದವಳು. ಬಾಯಲ್ಲಿ ನೀರೂರಿತು, ಕೈ ತಾನಾಗಿಯೇ ಮಡಿಕೆ ಮಾಡತೊಡಗಿತು.

“ಉಣ್ಣವ್ವ, ಹೊಟ್ಟೆ ತುಂಬ ಉಣ್ಣು. ನಿನ್ನ ಮುತ್ತೈದೆತನ ನಮ್ಮ ಲಾರಿ ಕಾಯ್ಲಿ,” ಎಂದಳು ಅಂತರಘಟ್ಟಮ್ಮ.

ದ್ಯಾಮಕ್ಕನ ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ಆ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿದ್ದಳೋ, ಅದರ ಅರ್ಥ ತಲೆಗೆ ಹೋದದ್ದು ಆವತ್ತು. ಈ ಎಲೆ ತನ್ನದಲ್ಲ, ಬೆನಕಪ್ಪನ ಉಸಿರಿನದು. ಆತನ ಉಸಿರಿದೆ ಎಂದು ಈಕೆಗೆ ಹೋಳಿಗೆ, ಈಕೆ ಹೋಳಿಗೆ ತಿಂದಷ್ಟೂ ಆತನ ಉಸಿರು ಕಮ್ಮಿ. ಹೀಗೇ ಹೋದರೆ ಒಂದು ದಿನ ಆತ ಹೋಗುತ್ತಾನೆ, ಆಮೇಲೆ ಇವರೇ ಎಲೆ ಹಾಕುವುದಿಲ್ಲ.

ದ್ಯಾಮಕ್ಕ ಎದ್ದು ನಿಂತಳು.

ಪಕ್ಕದಲ್ಲಿದ್ದ ನಾಲ್ವರ ತುತ್ತೂ ಕೈಯಲ್ಲೇ ಉಳಿಯಿತು. ತುಪ್ಪದ ಸೌಟು ಹಿಡಿದಿದ್ದ ಅಂತರಘಟ್ಟಮ್ಮನ ಬಾಯಿಂದ ಹೊರಟದ್ದು ಒಂದೇ ಮಾತು. “ಅಯ್ಯೋ, ಲಾರೀ!”

“ಲಾರಿಗೇನೂ ಆಗಲ್ಲ, ಇನ್ಶೂರೆನ್ಸ್ ಐತೆ,” ಎಂದಳು ದ್ಯಾಮಕ್ಕ. “ನಮ್ಮನೆಯೋರಿಗೆ ಇಲ್ಲ. ಅವ್ರಿಗೆ ನನ್ನ ಕಿಡ್ನಿ ಕೊಡಬೇಕು. ನಾನು ಕರಗೋತನಕ ಡಾಕ್ಟ್ರು ಮುಟ್ಟಲ್ಲ ಅಂತಾರೆ. ಅವ್ರು ಬದುಕಿದಾರೆ ಅಂತ ನೀವು ನನಗೆ ಇಕ್ತೀರಿ, ನಾನು ಉಂಡ್ರೆ ಅವ್ರು ಬದುಕಲ್ಲ. ಹರಕೆಯೂ ಇಲ್ಲ ಏನೂ ಇಲ್ಲ, ಎಲ್ಲಾ ನಾ ಹೇಳಿದ ಸುಳ್ಳು. ಅಮ್ಮ ಬೇಕಾದ್ರೆ ನನ್ನನ್ನೇ ಕೇಳ್ಕಳ್ಳಿ.”

ಅಷ್ಟಕ್ಕೇ ನಿಲ್ಲಿಸಿದ್ದರೆ ಜನ ಅತ್ತು, ಸಮಾಧಾನ ಮಾಡಿ, ಮುಂದಿನ ವಾರ ಮತ್ತೆ ಕರೆಯುತ್ತಿದ್ದರು. ದ್ಯಾಮಕ್ಕನಿಗೆ ಅದೂ ಗೊತ್ತಿತ್ತು. ಕಾರ್ಯಕ್ಕೆಂದು ತಟ್ಟಿದ ರೊಟ್ಟಿಯ ಬುಟ್ಟಿ ಇಳಿಸಲು ಬಂದಿದ್ದ ಗಿಡ್ಡಮ್ಮ ಹಿತ್ತಲ ಬಾಗಿಲಲ್ಲಿ ನಿಂತು, ಕುತ್ತಿಗೆ ಉದ್ದ ಮಾಡಿ ಇದನ್ನೆಲ್ಲ ನೋಡುತ್ತಿದ್ದಳು. ಇನ್ನು ಮುಂದೆ ಯಾರೂ ತನ್ನನ್ನು ಕರೆಯಬಾರದು, ಕರೆಯಲು ಹೆದರಬೇಕು. ಅದಕ್ಕೆ ಇರುವುದು ಇದೊಂದೇ ದಾರಿ ಎಂದು ದ್ಯಾಮಕ್ಕನಿಗೆ ಹೊಳೆಯಿತು. ಧರ್ಮ ಗಿರ್ಮ ಏನೂ ಯೋಚಿಸಲಿಲ್ಲ.

“ಎಲೆ ಖಾಲಿ ಬಿಟ್ರೆ ಕೇಡು ಅಂತೀರಲ್ಲ. ಗಿಡ್ಡೀ, ಬಾರೇ ಇಲ್ಲಿ. ಕುಂತ್ಕ.”

ಗಂಡ ಸತ್ತವಳು, ಮುತ್ತೈದೆಯ ಎಲೆಗೆ! ಯಾರೋ “ಶಿವ ಶಿವಾ” ಎಂದರು. ಗಿಡ್ಡಮ್ಮ ಬೇಡವೆಂದು ಓಡಿಹೋಗುತ್ತಾಳೆ ಎಂದು ಎಲ್ಲರೂ ಕಾದರು. ಗಿಡ್ಡಮ್ಮ ಹಿತ್ತಲಿಗೆ ಹೋದಳು, ಕೈಯ ಹಿಟ್ಟು ತೊಳೆದುಕೊಂಡಳು, ಒಳಗೆ ಬಂದಳು, ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಒಂದು ತುತ್ತು ತಿಂದು, ತಲೆಯೆತ್ತಿ, ಸೌಟು ಹಿಡಿದು ಕಲ್ಲಾಗಿ ನಿಂತಿದ್ದ ಅಂತರಘಟ್ಟಮ್ಮನನ್ನು ನೋಡಿ ಹೇಳಿದಳು.

“ತುಪ್ಪ ಕಮ್ಮಿ ಐತ್ರಿ.”

ಅಂತರಘಟ್ಟಮ್ಮ ತುಪ್ಪ ಹಾಕಿದಳು. ಯಾಕೆ ಹಾಕಿದೆ ಎಂದು ಆಮೇಲೆ ಆಕೆ ಬಹಳ ಜನಕ್ಕೆ ಉತ್ತರ ಕೊಡಬೇಕಾಯಿತು. ಎಲೆಯ ಮುಂದೆ ಕೂತವರು ಕೇಳಿದರೆ ಕೈ ತಾನಾಗಿಯೇ ಬಗ್ಗುತ್ತದೆ, ಏನು ಮಾಡಲಿ ಎನ್ನುತ್ತಿದ್ದಳು.

ನ್ಯಾಮತಿ ಒಂದು ತಿಂಗಳು ಲಾರಿಗೆ ಕೇಡಾಗುವುದನ್ನು ಕಾದು ಕೂತಿತು. ಲಾರಿ ದಿನಾ ಲೋಡು ತುಂಬಿಕೊಂಡು ಹೋಗಿ ಬರುತ್ತಿತ್ತು. ಒಂದು ಸಲ ಕತ್ತಲಗೆರೆಯ ಹತ್ತಿರ ಪಂಕ್ಚರ್ ಆಯಿತು. ನೋಡಿದಿರಾ ಎಂದರು. ಮೊಳೆ ಕಿತ್ತು, ಟಯರು ಹಾಕಿ, ಲಾರಿ ಮತ್ತೆ ಹೊರಟಿತು. ಜನರಿಗೆ ಸ್ವಲ್ಪ ನಿರಾಸೆಯಾಯಿತು.

ಕರೆಗಳು ಮಾತ್ರ ಪೂರ್ತಿ ನಿಂತವು. ಕಿಡ್ನಿಯ ಸುದ್ದಿ ತಿಳಿದು ನೆಂಟರು ಬಂದರು, ಅತ್ತರು, ದ್ಯಾಮಕ್ಕನ ಬಾಯಿಗೆ ಹೆದರಿ ಹೋದರು. ಊರಿನಲ್ಲಿ ಯಾರ ಮನೆಯ ಒಗ್ಗರಣೆ ಚಟಪಟ ಎಂದರೂ ಆ ಮನೆಯವರು ಈಕೆಯ ಬಾಗಿಲು ದಾಟಿ ಬೇರೆಯವರನ್ನು ಕರೆಯಲು ಹೋಗುತ್ತಿದ್ದರು. ಬೇಕೆಂದೇ ತಂದುಕೊಂಡದ್ದು, ಆದರೂ ನೋವಾಯಿತು. ಹೋಳಿಗೆ ತಪ್ಪಿದ್ದಕ್ಕಲ್ಲ. ಬಾಗಿಲಿಗೆ ಬಂದು ಹೆಸರು ಹಿಡಿದು ಕರೆಯುವವರಿಲ್ಲದೆ ಹಬ್ಬ ಕಳೆಯುವುದು ಹೇಗಿರುತ್ತದೆಂದು ಮೊದಲ ಸಲ ತಿಳಿಯಿತು. ಗಿಡ್ಡಮ್ಮ ಇಷ್ಟು ವರ್ಷ ಪಲ್ಯದ ಬಗ್ಗೆ ಯಾಕೆ ಕೇಳುತ್ತಿದ್ದಳೆಂದು ಆಗ ಅರ್ಥವಾಗಿ ಅವಳ ಮನೆಗೆ ಹೋಗಿ ಜೊತೆಯಲ್ಲಿ ರೊಟ್ಟಿ ತಟ್ಟಿ ಬಂದಳು.

ಆಮೇಲೆ ದಿನಾ ಗಿಡ್ಡಮ್ಮನ ಜತೆ ರೊಟ್ಟಿ ಬುಟ್ಟಿ ಹೊತ್ತು ಹೋಟೆಲುಗಳಿಗೆ ನಡೆಯತೊಡಗಿದಳು. ತಲೆಯ ಮೇಲೆ ಬಿಸಿ ರೊಟ್ಟಿ, ಹೊಟ್ಟೆಯಲ್ಲಿ ಸೌತೆಕಾಯಿ. ಸ್ವಲ್ಪ ದಿನಕ್ಕೆ ಹಸಿವು ಹೋಗುತ್ತದೆ ಎಂದು ಚೈತ್ರಶ್ರೀ ಧೈರ್ಯ ಹೇಳುತ್ತಿದ್ದಳು. ಹೋಗಲಿಲ್ಲ. ಹಸಿವು ಹೋಗುತ್ತದೆ ಎನ್ನುವವರು ಒಂದೋ ಉಂಡವರು, ಇಲ್ಲವೋ ಸುಳ್ಳುಗಾರರು. ಅದು ಇತ್ತು, ಈಕೆಯೂ ಇದ್ದಳು. ಬಂದಾಗ ಬೈದಳು, ಕೆಲವು ಸಲ ಅತ್ತಳು, ಒಂದು ಸಲ ಸೋತು ಗಾಡಿಯ ಮುಂದೆ ನಿಂತು ಮೂರು ಬಜ್ಜಿ ತಿಂದು ಬಂದು ಮಾರನೆಯ ದಿನ ಎರಡು ಸಲ ನಡೆದಳು. ಬೆನಕಪ್ಪ ಇನ್ನೂ ಎರಡು ಸಲ ಆಸ್ಪತ್ರೆ ಸೇರಿ ಬಂದ. ಪ್ರತಿ ಸಲ ಮನೆಗೆ ಬರುವಾಗ ಆತ ಇನ್ನಷ್ಟು ಹಗುರವಾಗಿದ್ದ, ಆಕೆಯೂ. ಯಾರು ಮೊದಲು ಮುಗಿಯುತ್ತಾರೋ ಎಂಬ ಪಂದ್ಯದಂತಿತ್ತು ಆ ವರ್ಷ.

ಎಪ್ಪತ್ತಾರಕ್ಕೇ ಡಾಕ್ಟರು ಒಪ್ಪಿಕೊಂಡರು.

ಆಪರೇಷನ್ ಆಗಿ, ಅಲ್ಲೇ ಬಾಡಿಗೆ ಕೋಣೆ ಮಾಡಿಕೊಂಡಿದ್ದು, ಗಂಡ ಹೆಂಡತಿ ಊರಿಗೆ ಬಂದಾಗ ಬಾಗಿಲಲ್ಲಿ ಮೊದಲು ನಿಂತಿದ್ದವಳು ಅಂತರಘಟ್ಟಮ್ಮ. ತನ್ನ ಮನೆಯ ಮುತ್ತೈದೆ ಊಟದ ಪುಣ್ಯದಿಂದಲೇ ಬೆನಕಪ್ಪ ಬದುಕಿದ್ದು ಎಂದು ಆಕೆ ಆಗಲೇ ಊರಿಗೆಲ್ಲ ಹೇಳಿ ಮುಗಿಸಿದ್ದಳು. ಮುಂದಿನ ಊಟಕ್ಕೆ ಬರಬೇಕೆಂದು ಕುಂಕುಮವನ್ನೂ ತಂದಿದ್ದಳು. “ಗಿಡ್ಡಮ್ಮಗೂ ಹಚ್ಚಿದ್ರೆ ಬರ್ತೀನಿ, ಒಂದೇ ಹೋಳಿಗೆ,” ಎಂದಳು ದ್ಯಾಮಕ್ಕ. ಅಂತರಘಟ್ಟಮ್ಮ ಯೋಚಿಸಿ ಹೇಳುತ್ತೇನೆಂದು ಹೋದವಳು ಇನ್ನೂ ಯೋಚಿಸುತ್ತಲೇ ಇದ್ದಾಳೆ.

ಈ ನಡುವೆ ಬೆನಕಪ್ಪನಿಗೆ ಒಂದು ವಿಚಿತ್ರ ಶುರುವಾಯಿತು. ಬೆಳಗ್ಗೆ ತಿಂಡಿಯಾಗಿ ಗಂಟೆಯಾಗಿಲ್ಲ, ಮತ್ತೇನಿದೆ ಎಂದು ಅಡಿಗೆಮನೆಗೆ ಬರುತ್ತಿದ್ದ. ಮಧ್ಯಾಹ್ನ ಉಂಡು ಕೈ ತೊಳೆಯುವಾಗಲೇ ರಾತ್ರಿಗೇನು ಎಂದು ಕೇಳುತ್ತಿದ್ದ. ಜನ್ಮದಲ್ಲಿ ಒಂದು ಸಲವೂ ತಟ್ಟೆ ಬಳಿದು ತಿನ್ನದ ಮನುಷ್ಯ. ತಪಾಸಣೆಗೆ ಹೋದಾಗ ಅದೇ ಡಾಕ್ಟರು, ಇದು ಹೊಸ ಮಾತ್ರೆಗಳ ಕೆಲಸ, ಇನ್ನು ಇವರ ತೂಕ ಏರದಂತೆ ನೋಡಿಕೊಳ್ಳಬೇಕು, ಹಸಿವಾದರೆ ಸೌತೆಕಾಯಿ ಕೊಡಿ ಎಂದರು. ದ್ಯಾಮಕ್ಕ ನಂಬಲಿಲ್ಲ. ಮಾತ್ರೆಯಲ್ಲಿ ಎಲ್ಲಿಯ ಹಸಿವು? ಕಿಡ್ನಿ ಯಾರದೋ ಹಸಿವೂ ಅವರದೇ. ಕುಯ್ದು ತೆಗೆಯುವಾಗ ಅದೂ ಜತೆಯಲ್ಲೇ ಹೋಗಿದೆ ಎಂದು ಇಂದಿಗೂ ವಾದಿಸುತ್ತಾಳೆ.

ತಪಾಸಣೆ ಮುಗಿಸಿ ಊರಿಗೆ ಬಂದ ಮಾರನೆಯ ದಿನ ಮಧ್ಯಾಹ್ನ ಆಕೆ ಡಾಕ್ಟರು ಹೇಳಿದಷ್ಟನ್ನೇ ಬಡಿಸಿದಳು. ಒಂದು ರೊಟ್ಟಿ, ಸೊಪ್ಪಿನ ಪಲ್ಯ. ಆತ ಮುಗಿಸಿ, ಖಾಲಿ ತಟ್ಟೆಯ ಮುಂದೆ ಕೂತೇ ಇದ್ದ. ಈಕೆ ಸೌತೆಕಾಯಿ ಹೆಚ್ಚಿ ತಂದಿಟ್ಟಳು. ಆತ ಒಂದು ಹೋಳು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ. ಇನ್ನೊಂದನ್ನು ಕೈಗೆತ್ತಿಕೊಂಡ. ಹೋಳನ್ನು ತಟ್ಟೆಗೆ ಹಾಕಿ ಹೆಂಡತಿಯ ಮುಖವನ್ನು ನೋಡಿದ.

“ದ್ಯಾಮೀ,” ಎಂದ. “ಹಸಿವು ಅಂದ್ರೆ ಹಿಂಗಿರ್ತೈತೇನೇ? ಇದನ್ನ ಹೊಟ್ಯಾಗೆ ಇಟ್ಕಂಡು ನೀನು ಒಂದು ವರ್ಷ ಹೆಂಗಿದ್ಯೇ?”

ಆಪರೇಷನ್ ದಿನವೂ ಅಳದಿದ್ದ ದ್ಯಾಮಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಎದ್ದು ಒಲೆ ಹಚ್ಚಿ, ಆತನಿಗೆ ಇನ್ನೊಂದು ರೊಟ್ಟಿ ತಟ್ಟಿದಳು.